ಇಪ್ಪತ್ತೊಂದು ಜನರ ಒಂದು ನಡಿಗೆ

"ಏ ಲೌಡಿ, ನಿಂತ್ಕೊ ಅಲ್ಲೇ. ವಾಪಸ್ ಬಾ. ಮೊದಲಿಂದ ನಡಿ."

ದನಿಯಕ್ಕ ತಿರುಗಿದಳು. ಬೆನ್ನ ಮೇಲೆ ಐವತ್ತು ಕಿಲೋ ಹಳೆ ಬಟ್ಟೆಯ ಮೂಟೆ ಹೊತ್ತವಳು ತಿರುಗುವುದೆಂದರೆ ಇಕ್ಕಟ್ಟಿನ ಓಣಿಯಲ್ಲಿ ಲಾರಿ ತಿರುಗಿದ ಹಾಗೆ. ಮೊದಲು ಪಾದ, ಆಮೇಲೆ ಸೊಂಟ, ಎಲ್ಲಕ್ಕಿಂತ ಕೊನೆಗೆ ಹಣೆಪಟ್ಟಿಗೆ ಸಿಕ್ಕ ತಲೆ. ಮೂಟೆಯ ಅರ್ಧ ಭಾರ ಹಿಡಿಯುವ ಆ ಪಟ್ಟಿ ಅವಳ ಹಣೆಯ ಮೇಲೆ ಬೆರಳಗಲದ ಹಳ್ಳ ಕೊರೆದು ಮೂವತ್ತು ವರ್ಷವಾಗಿತ್ತು.

"ಇದು ಆರನೇ ಸಲ ಸಾಹೇಬ್ರೆ," ಅಂದಳು.

"ಅರವತ್ತು ಸಲ ನಡೆಸ್ತೀನಿ. ನಿನ್ನ ಥರ ನಡಿ ಅಂದ್ರೆ ಊರೋರೆಲ್ಲರ ಥರ ನಡೀತಿದ್ದೀಯಲ್ಲೇ."

"ಇದೇ ನನ್ನ ಥರ."

"ಅಲ್ವಂತೆ. ಯಂತ್ರ ಹೇಳ್ತಿದೆ. ಸುಳ್ಳು ಹೇಳೋದು ಯಂತ್ರನೋ ನೀನೋ?"

ಗೇಟ್ ಸಾಹೇಬ ಒಂದೇ ಬೆರಳಿನಿಂದ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದ. ಬಗ್ಗಿದ ಕತ್ತಿನಿಂದಲೇ ಕಣ್ಣು ಮೇಲೆತ್ತಿ ನೋಡಿದಳು. ಅವಳ ಮುಖ ಇರಬೇಕಾದ ಚೌಕದಲ್ಲಿ ಅವಳ ತಂಗಿಯ ಮುಖವಿತ್ತು. ಪಾಸಿಗೆಂದು ಫೋಟೊ ತೆಗೆಸಿದ ದಿನ ತಂಗಿ ತಲೆಗೆ ಎಣ್ಣೆ ಹೆಚ್ಚು ಹಚ್ಚಿಕೊಂಡಿದ್ದಳು. ಹಣೆ ಮಿರಮಿರ ಮಿಂಚುತ್ತಿತ್ತು.

"ಅದು ನನ್ನ ತಂಗಿ," ಅಂದಳು ದನಿಯಕ್ಕ. "ಹಿಂದೆ ನಿಂತಿದ್ದಾಳೆ, ನಾಲ್ಕನೆಯವಳು."

"ಗೊತ್ತು ಬಿಡು. ಅವಳು ನಡೆದಾಗ ನಿನ್ನ ಮುಖ ಬಂತು. ಈಗ ನೀನು ನಡೆದ್ರೆ ಅವಳ ಮುಖ. ಯಾರ ಪಾಸಲ್ಲಿ ಯಾರು ದಾಟ್ತಿದ್ದೀರಿ? ಎಷ್ಟು ದಿನದಿಂದ ನಡೀತಿದೆ ಈ ವ್ಯಾಪಾರ?"

ಮೈಮೇಲೆ ಹೊತ್ತು ದಾಟಿಸಿದ ಮಾಲಿಗೆ ಸುಂಕವಿಲ್ಲ ಅನ್ನುವುದು ಈ ಗಡಿಯ ಹಳೇ ಕಾನೂನು. ಚಕ್ರದ ಮೇಲೆ ಹೋದರೆ ಸುಂಕ, ಕಾಲಿನ ಮೇಲೆ ಹೋದರೆ ಇಲ್ಲ. ಅದಕ್ಕೇ ಈಚೆ ಕಡೆಯ ಧಣಿಗಳು ಲಾರಿಯಲ್ಲಿ ಬಂದ ಮಾಲನ್ನು ಗೋದಾಮಿನಲ್ಲಿ ಇಳಿಸಿ, ಹೆಂಗಸರ ಬೆನ್ನಿಗೆ ಕಟ್ಟಿ, ಆಚೆ ಕಡೆ ಮತ್ತೆ ಲಾರಿಗೆ ಹಾಕಿಸುತ್ತಿದ್ದರು. ಒಂದು ಲಾರಿಯಿಂದ ಇನ್ನೊಂದು ಲಾರಿಗೆ ಒಂದು ಮೈಲಿ. ಆ ಒಂದು ಮೈಲಿಯಲ್ಲಿ ಇಪ್ಪತ್ತೊಂದು ಹೆಂಗಸರ ಬದುಕು ಸಾಗುತ್ತಿತ್ತು.

ಮೊದಲು ಗೇಟಿನಲ್ಲಿ ಪಾಸು ನೋಡುತ್ತಿದ್ದರು. ಆಮೇಲೆ ಹೆಬ್ಬೆಟ್ಟು ಬಂತು, ಕಣ್ಣು ಬಂತು. ಹೆಬ್ಬೆಟ್ಟಿನಲ್ಲಿ ಮೋಸ ಮಾಡಬಹುದು, ಮುಖ ಮುಚ್ಚಬಹುದು, ನಡಿಗೆಯನ್ನು ಮಾತ್ರ ಹೆತ್ತ ತಾಯಿಯೂ ಬದಲಾಯಿಸಲಾರಳು ಎಂದು ಮೇಲಿನವರಿಗೆ ಯಾರೋ ಹೇಳಿದರಂತೆ. ಮೂರು ವಾರದ ಹಿಂದೆ, ನಡಿಗೆ ನೋಡಿ ಆಳನ್ನು ಗುರುತು ಹಿಡಿಯಲೆಂದು, ಮೂವತ್ತು ಅಡಿ ಉದ್ದದ ಬಿಳೀ ಓಣಿಯೊಂದು ಎದ್ದು ನಿಂತಿತು. ಎರಡೂ ಗೋಡೆಗೆ ಸೀತಾಫಲದ ಬೀಜದಂಥ ಕರಿ ಕಣ್ಣುಗಳು: ಎದೆಯೆತ್ತರಕ್ಕೆ ಒಂದು ಸಾಲು, ಮೊಣಕಾಲೆತ್ತರಕ್ಕೆ ಒಂದು, ಹಿಮ್ಮಡಿಯ ಹತ್ತಿರ ಒಂದು. ಓಣಿಯ ನಡುವೆ ಬಲಗಡೆಗೆ ಗಾಜಿನ ಕೋಣೆ. ಅನುಮಾನ ಬಂದವರನ್ನು ಕೂರಿಸಲಿಕ್ಕೆ. ಅದಕ್ಕಿದ್ದ ಒಂದೇ ಬಾಗಿಲು ಓಣಿಯೊಳಕ್ಕೇ ತೆರೆಯುತ್ತಿತ್ತು.

"ನಾಲ್ಕನೆಯವಳು ಬಾರೇ ಇಲ್ಲಿ," ಎಂದು ಸಾಹೇಬ ಕೂಗಿದ.

ತಂಗಿ ಮೂಟೆ ಸಮೇತ ಬಂದಳು. ನಡೆದಳು. ಸ್ಕ್ರೀನಿನಲ್ಲಿ ದನಿಯಕ್ಕನ ಮುಖ ಮೂಡಿತು. ಅದರ ಜೊತೆಗೆ ಕಡ್ಡಿಯಂಥ ಆಕೃತಿಯೊಂದರ ಹೊಟ್ಟೆಯ ಹತ್ತಿರ ಹಳದಿ ಮಚ್ಚೆ. ಒಂದೂವರೆ ತಿಂಗಳಿಂದ ಇವಳ ಮೈಯ ತೂಕ ಮುಂದಕ್ಕೆ ಸರಿಯುತ್ತಿದೆ, ಹೊಟ್ಟೆಗೆ ಏನೋ ಕಟ್ಟಿಕೊಂಡಿದ್ದಾಳೆ ಎಂದು ಅದರ ಅರ್ಥ.

"ಹೊಟ್ಟೇಲಿ ಏನೇ ಅದು?"

"ಅನ್ನ," ಅಂದಳು ತಂಗಿ.

ಸಾಹೇಬ ಲೇಡಿ ಗಾರ್ಡನ್ನು ಕರೆದ. ಅವಳು ತಂಗಿಯ ಮೂಟೆ ಇಳಿಸಿ, ಗಾಜಿನ ಕೋಣೆಗೆ ತಳ್ಳಿಕೊಂಡು ಹೋಗಿ, ಪರದೆ ಎಳೆದಳು. ಪರದೆಯ ಕೆಳಗೆ ನಾಲ್ಕು ಪಾದ ಮಾತ್ರ ಕಾಣುತ್ತಿದ್ದವು, ಎರಡು ಬೂಟಿನವು, ಎರಡು ಬರಿಯವು. ಬರಿಯ ಪಾದಗಳು ಒಂದರ ಮೇಲೊಂದು ಏರಿ ನಿಂತವು. ಸ್ವಲ್ಪ ಹೊತ್ತಿಗೆ ಪರದೆ ಸರಿಯಿತು. ಲೇಡಿ ಗಾರ್ಡ್ ಕೈಯ ಗ್ಲೌಸು ಕಿತ್ತು ಬುಟ್ಟಿಗೆ ಎಸೆದು, ಗೋದಾಮಿನಲ್ಲಿ ಮಾಲು ಕೂಗುವವರ ದನಿಯಲ್ಲಿ ಹೇಳಿದಳು:

"ಸಾಮಾನಲ್ಲ ಸಾರ್. ಬಸುರಿ. ನಾಲ್ಕು ತಿಂಗಳು ದಾಟಿರ್ಬೇಕು."

ಓಣಿಯ ಈಚೆ ತುದಿಯಲ್ಲಿ ನಿಂತಿದ್ದ ಲಾರಿ ಡ್ರೈವರುಗಳಿಗೂ ಕೇಳಿಸಿತು. ಸಾಹೇಬ ಕುರ್ಚಿಗೆ ಒರಗಿದ.

"ಹಾಗಾದ್ರೆ ಇದೂ ಕಳ್ಳಸಾಗಣೆನೇ. ಒಂದು ಪಾಸಲ್ಲಿ ಇಬ್ಬರು ದಾಟ್ತಿದ್ದಾರೆ."

ಡ್ರೈವರುಗಳು ನಕ್ಕರು. ಸಾಲಿನಲ್ಲಿದ್ದ ಹೆಂಗಸರು ನಗಲಿಲ್ಲ. ದನಿಯಕ್ಕ ಗಾಜಿನ ಕಡೆ ತಿರುಗಿದಳು. ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮೂರು ಸಲ ಕಟ್ಟಿ ಮೂರು ಸಲವೂ ಉದುರಿದ ಬಸಿರು ತಂಗಿಯದು. ಈ ಸಲ ಐದು ತುಂಬುವವರೆಗೆ ಕಟ್ಟಿಕೊಂಡ ಗಂಡನಿಗೂ ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿಕೊಂಡಿದ್ದಳು. ಬಾಯಿ ಬಿಟ್ಟರೆ ಕಣ್ಣು ಬೀಳುತ್ತದೆ. ಕಣ್ಣು ಬೀಳದಿದ್ದರೂ ಬಸುರಿಯರಿಗೆ ಪಾಸಿಲ್ಲ. ಈಗ ಗಾಜಿನ ಹಿಂದೆ ಬಟ್ಟೆ ಸರಿಮಾಡಿಕೊಳ್ಳುತ್ತ ಅಕ್ಕನನ್ನು ನೋಡಿದಳು. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ಸಿಕ್ಕಿಬಿದ್ದಾಗ ನೋಡುತ್ತಿದ್ದಳಲ್ಲ, ಹಾಗೆ.

ಸಾಲಿನ ಕೊನೆಯಿಂದ, ಎಲ್ಲರೂ ಬಾಯಿಬಡುಕಿ ಎಂದು ಕರೆಯುತ್ತಿದ್ದವಳು ಅಂದಳು, ಯಾರಿಗೂ ಅಲ್ಲ, ನೆಲಕ್ಕೆ ಅನ್ನುವ ಹಾಗೆ: "ಹೊಟ್ಟೇಲಿರೋದು ಕಾಣುತ್ತಂತೆ. ಹೊತ್ತಿರೋಳು ಯಾರು ಅಂತ ಕಾಣಲ್ವಂತೆ. ಇದನ್ನ ಗಂಡಸೇ ಮಾಡಿರ್ಬೇಕು."

*

ಹೊರೆ ಹೊರುವುದಕ್ಕೂ ಒಂದು ವಿದ್ಯೆಯಿದೆ. ದನಿಯಕ್ಕನ ಅವ್ವ ಹೇಳುತ್ತಿದ್ದಳು, ಮೂಟೆ ಹೊರೋದು ಬೆನ್ನಲ್ಲ ಕಣೇ, ಉಸಿರು. ಸಾಲಿನ ತಲೆಗೆ ಒಬ್ಬಳು ದನಿಯವಳು ಇರಬೇಕು. ಅವಳು ಪದ ಎತ್ತಬೇಕು, ಹಿಂದಿನವರು ಸೊಲ್ಲು ಹಿಡಿಯಬೇಕು.

*ಹೊತ್ತೆ ಹೊತ್ತೆ ಎನ್ನಬೇಡ, ನೆಲವೆ ನಿನ್ನ ಹೊತ್ತಿದೆ,*
*ಇಡು ತಾಯಿ ಹೆಜ್ಜೆ, ಇಡು.*
*ಗಟ್ಟಿ ಗಟ್ಟಿ ಎನ್ನಬೇಡ, ಕಲ್ಲಿಗೂನು ನೋವಿದೆ,*
*ಇಡು ತಾಯಿ ಹೆಜ್ಜೆ, ಇಡು.*

ಕೊನೆಯ 'ಇಡು'ವಿಗೆ ಇಪ್ಪತ್ತೊಂದು ಎಡಗಾಲು ಒಟ್ಟಿಗೆ ನೆಲ ಮುಟ್ಟಬೇಕು. ಮಂಡಿ ಇಷ್ಟೇ ಬಗ್ಗಬೇಕು, ಹಿಮ್ಮಡಿಗಿಂತ ಮೊದಲು ಅಂಗಾಲಿನ ಹೊರಗಡೆ ತಾಗಬೇಕು, ಇಪ್ಪತ್ತೊಂದು ಮೂಟೆ ಒಂದೇ ಕಡೆಗೆ ಒಂದೇ ಸಲ ವಾಲಬೇಕು. ಇಲ್ಲದಿದ್ದರೆ ಗೇಟಿನಿಂದಾಚೆಯ ಇಳಿಜಾರಿನಲ್ಲಿ ಒಬ್ಬಳ ಮೂಟೆ ಇನ್ನೊಬ್ಬಳ ಮೂಟೆಗೆ ಹಾಯ್ದು, ಹಣೆಪಟ್ಟಿ ಕತ್ತನ್ನು ಕೋಳಿಯ ಕತ್ತಿನಂತೆ ತಿರುಚಿಬಿಡುತ್ತದೆ. ಹೊಸದಾಗಿ ಬಂದವಳು ಒಂದು ತಿಂಗಳು ಬರೀ ಬೆನ್ನಲ್ಲಿ, ಮುಂದಿನವಳ ಮೂಟೆಯ ಮೇಲೆ ಕೈಯಿಟ್ಟು ನಡೆಯಬೇಕು. ಆಮೇಲೆ ಅರೆ ಮೂಟೆ. ಆಮೇಲೆ ಪೂರ್ತಿ. ತಂಗಿ ಹದಿನಾರರ ವಯಸ್ಸಿನಲ್ಲಿ ಅಕ್ಕನ ಮೂಟೆಯ ಮೇಲೆ ಕೈಯಿಟ್ಟು ನಡೆದವಳು. ಅಕ್ಕ ಅವ್ವನ ಮೂಟೆಯ ಮೇಲೆ. ಹೀಗೆ ಕೈಯಿಂದ ಕಾಲಿಗೆ ಇಳಿದು ಬಂದ ಹೆಜ್ಜೆ ಅದು. ಆ ಸಾಲಿನಲ್ಲಿ ಯಾರಿಗೂ ಸ್ವಂತದ್ದೆಂಬ ನಡಿಗೆ ಉಳಿದಿರಲಿಲ್ಲ. ಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ.

ಇದನ್ನು ದನಿಯಕ್ಕ ಸಾಹೇಬನ ಕೋಣೆಯಲ್ಲಿ ನಿಂತು ತನಗೆ ಬಂದ ಹಾಗೆ ಹೇಳಿದಳು. ಸಾಹೇಬ ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ ಕೇಳಿದ. ಪಕ್ಕದಲ್ಲಿ ಯಂತ್ರದ ಕಂಪನಿಯವನು ಕೂತಿದ್ದ. ಬಿಳೀ ಬೂಟು, ಮೆತ್ತನೆ ಮಾತು. ಎಲ್ಲರಿಗೂ ನಡೆಯುವುದು ಹೇಗೆಂದು ಹೇಳಿಕೊಡುತ್ತಾನೆಂದು ಹೆಂಗಸರು ಅವನಿಗೆ ನಡಿಗೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

"ನೋಡಿ ಅಮ್ಮ," ಅಂದ ಮೇಷ್ಟ್ರು, "ಯಂತ್ರದ ತಪ್ಪು ಹತ್ತು ಸಾವಿರಕ್ಕೆ ಒಂದು. ನಿಮ್ಮ ಗುಂಪಲ್ಲಿ ಮಾತ್ರ ಇಪ್ಪತ್ತೊಂದು ಜನಾನೂ ಒಬ್ಬರೇ ಅಂತ ಬರ್ತಿದೆ. ಐದು ತಿಂಗಳ ರೆಕಾರ್ಡ್ ಇದೆ ನಮ್ಮ ಹತ್ರ."

"ಓಣಿ ಕಟ್ಟಿ ಮೂರು ವಾರ ಆಯ್ತಷ್ಟೆ."

"ಓಣಿಗಿಂತ ಮುಂಚೆ ಲೈಟು ಕಂಬದಲ್ಲಿ ಕ್ಯಾಮೆರಾ ಹಾಕಿದ್ವಿ. ಗೋದಾಮಿನ ಹತ್ರ, ನಲ್ಲಿ ಹತ್ರ, ನಿಮ್ಮ ಸಾಲು ಮನೆ ಹತ್ರ. ಕಲಿಬೇಕಲ್ಲ ಯಂತ್ರ."

"ಕಕ್ಕಸಿನ ಹತ್ರ?"

ಮೇಷ್ಟ್ರು ಕೈಯಲ್ಲಿದ್ದ ಪೆನ್ನನ್ನು ನೋಡಿದ. "ಬಾಗಿಲವರೆಗೆ ಮಾತ್ರ."

"ನಮ್ಮನ್ನೊಂದು ಮಾತು ಕೇಳಲಿಲ್ಲವಲ್ಲ ಸ್ವಾಮಿ."

"ಕೇಳೋದಕ್ಕೆ ನೀನೇನು ಸಂಬಂಧಿನಾ?" ಎಂದ ಸಾಹೇಬ, ಕಡ್ಡಿ ಉಗಿದು. "ಬೋರ್ಡ್ ಹಾಕಿದೀವಿ ಗೇಟಲ್ಲಿ. ಓದೋಕೆ ಬರದಿದ್ರೆ ನಾನೇನು ಮಾಡ್ಲಿ." ಅವನು ಮೇಜಿನ ಮೇಲೆ ಒಂದು ಕಾಗದ ಸರಿಸಿದ. "ಹಾಡು ಗೀಡು ನನಗೆ ಬೇಡ. ಮೇಲಿನವರಿಗೆ ಇದು ಪಾಸಿನ ಮೋಸ. ಮೋಸ ಅಂದ್ಮೇಲೆ ಒಬ್ಬಳು ಕಳ್ಳಿ ಬೇಕು. ನನ್ನ ತಂಗಿ ನನ್ನ ಪಾಸಲ್ಲಿ ದಾಟ್ತಿದ್ಲು ಅಂತ ಇದರಲ್ಲಿ ಬರ್ದಿದೆ. ಒತ್ತು ಹೆಬ್ಬೆಟ್ಟು. ಅವಳು ಆರು ತಿಂಗಳು ಒಳಗಿದ್ದು ಬರ್ತಾಳೆ, ಹೆರಿಗೆನೂ ಸರ್ಕಾರದ ಖರ್ಚಲ್ಲೇ ಆಗುತ್ತೆ. ಉಳಿದೋರ ಪಾಸು ಉಳಿಯುತ್ತೆ."

"ಒತ್ತದಿದ್ರೆ?"

"ನಾಳೆ ಬೆಳಗ್ಗೆ ಒಬ್ಬೊಬ್ಬಳೇ ಬಂದು ನಡೀರಿ. ಹಾಡಿಲ್ಲ, ಸಾಲಿಲ್ಲ, ಹತ್ತಡಿ ಅಂತರ. ಯಾರ ನಡಿಗೆ ಬೇರೆ ಅಂತ ಬರುತ್ತೋ ಅವಳು ಬೇರೆ. ನಿನ್ನದೂ ನಿನ್ನ ತಂಗೀದೂ ಬೇರೆ ಅಂತ ಬಂದ್ರೆ ಬಿಟ್ಟುಬಿಡ್ತೀನಿ. ಬರದಿದ್ರೆ ಹನ್ನೆರಡಕ್ಕೆ ವ್ಯಾನು ಬರುತ್ತೆ. ಇಷ್ಟೇ ನನ್ನ ದೊಡ್ಡ ಮನಸ್ಸು."

ಹೊರಗೆ ಬಂದಾಗ ಗಾಜಿನ ಗೋಡೆಯಲ್ಲಿ ಮಾತಾಡಲೆಂದು ಕೊರೆದಿದ್ದ ತೂತಿನ ಹತ್ತಿರ ತಂಗಿ ಬಾಯಿಟ್ಟುಕೊಂಡು ನಿಂತಿದ್ದಳು.

"ಒತ್ತಿಬಿಡು ಅಕ್ಕ. ಇಪ್ಪತ್ತು ಮನೆ ಒಲೆ ಆರೋದು ಬೇಡ."

"ಬಾಯಿ ಮುಚ್ಕೊ. ನಾಲ್ಕು ತಿಂಗಳು ಮುಚ್ಕೊಂಡಿದ್ಯಲ್ಲ, ಇನ್ನೊಂದು ದಿನ ಮುಚ್ಕೊ."

"ಹೇಳ್ಬೇಕು ಅಂತಾನೇ ಇದ್ದೆ..."

"ಗೊತ್ತು ಬಿಡೇ. ಊರಿಗೆಲ್ಲ ಗೊತ್ತಾದ್ಮೇಲೆ ನನಗೆ ಗೊತ್ತಾಯ್ತು, ಅಷ್ಟೇ ಬೇಜಾರು." ದನಿಯಕ್ಕ ತೂತಿನಲ್ಲಿ ಎರಡು ಬೆರಳು ತೂರಿಸಿದಳು. ತಂಗಿ ಹಿಡಿದುಕೊಂಡಳು. "ಏನಾದ್ರೂ ತಿಂದ್ಯಾ? ನೀರಾದ್ರೂ ಕೊಟ್ರಾ ಹಾಳಾದೋರು?"

*

ಸಂಜೆ ಗೋದಾಮಿನ ಅಂಗಳದಲ್ಲಿ ಹೆಂಗಸರು ತಮ್ಮ ತಮ್ಮ ನಡಿಗೆ ಹುಡುಕಲು ನಿಂತರು.

ಮೊದಲಿಗೆ ಅದು ತಮಾಷೆಯಾಗಿಯೇ ಇತ್ತು. ಬಾಯಿಬಡುಕಿ ಗೇಟ್ ಸಾಹೇಬನ ಹಾಗೆ ಹೊಟ್ಟೆ ಮುಂದೆ ಮಾಡಿ ನಡೆದಳು. ಇನ್ನೊಬ್ಬಳು ತನ್ನ ಅತ್ತೆಯ ಹಾಗೆ ಒಂದು ಕೈ ಸೊಂಟದ ಮೇಲಿಟ್ಟು ನಡೆದು, "ಅಯ್ಯೋ, ಇವಳ ನಡಿಗೆಯಲ್ಲಿ ನಾನು ಸಿಕ್ಕಿಬಿದ್ರೆ ಜೈಲಿಗಿಂತ ಕಷ್ಟ," ಅಂದಳು. ಎಲ್ಲರಿಗಿಂತ ಎತ್ತರದವಳು, ಒಂಟೆ ಅಂತ ಕರೆಯುತ್ತಿದ್ದರು, ಮೂಟೆಯಿಲ್ಲದೆ ಎರಡು ಸುತ್ತು ಹಾಕಿ ನಿಂತಳು.

"ನನ್ನದು ಯಾವುದು ಅಂತಲೇ ನೆನಪಾಗ್ತಿಲ್ಲ ಕಣ್ರೇ. ಮದುವೆಗೆ ಮುಂಚೆ ಹೇಗೋ ನಡೀತಿದ್ದೆ. ನಮ್ಮಪ್ಪ ಬೈತಿದ್ದ, ಗಂಡುಬೀರಿ ಥರ ನಡೀಬೇಡ ಅಂತ."

"ಹಾಗೇ ನಡಿ ಮತ್ತೆ."

"ಮರೆತುಹೋಯ್ತು."

ಬೆನ್ನಿಗೆ ಮೂಟೆ ಏರಿದ ಮೇಲೆ ತಮಾಷೆ ಮುಗಿಯಿತು. ಭಾರ ಬಿದ್ದ ತಕ್ಷಣ ಮಂಡಿಗಳು ತಾವಾಗಿಯೇ ಅಷ್ಟೇ ಬಗ್ಗುತ್ತಿದ್ದವು, ಅಂಗಾಲಿನ ಹೊರಗಡೆಯೇ ಮೊದಲು ತಾಗುತ್ತಿತ್ತು. ಬಾಯಿ ಮುಚ್ಚಿಕೊಂಡರೂ ಎದೆಯೊಳಗೆ ಪದ ಓಡುತ್ತಿತ್ತು. ಅಂಗಳದಲ್ಲಿ ಬೇರೆ ಬೇರೆ ದಿಕ್ಕಿಗೆ ಹೊರಟ ಇಪ್ಪತ್ತು ಜನ ನಾಲ್ಕು ಹೆಜ್ಜೆ ಮುಗಿಯುವುದರೊಳಗೆ ಒಂದೇ ಕಾಲು ಹಾಕುತ್ತಿದ್ದರು.

"ಅಕ್ಕ, ನೀನೊಂದು ಸಲ ತಪ್ಪು ಹೆಜ್ಜೆ ಇಟ್ಟು ತೋರಿಸು," ಅಂದಳು ಒಬ್ಬಳು. "ನೋಡಿ ಕಲಿತೀವಿ."

ದನಿಯಕ್ಕ ಇಟ್ಟಳು. ಹತ್ತೊಂಬತ್ತು ಜನ ಅವಳನ್ನು ನೋಡಿ, ಅದೇ ತಪ್ಪನ್ನು ಅದೇ ಥರ ಇಟ್ಟರು.

*

ಬೆಳಗ್ಗೆ ಹತ್ತಡಿಗೊಬ್ಬರಂತೆ ಗೇಟಿಗೆ ಹೊರಟರು. ಮೊದಲನೆಯವಳು ನಡೆದಳು: ದನಿಯಕ್ಕನ ಮುಖ. ಎರಡನೆಯವಳು: ತಂಗಿಯ ಮುಖ. ಮೂರನೆಯವಳು: ಬಾಯಿಬಡುಕಿಯ ಮುಖ. ಪ್ರತಿಯೊಬ್ಬಳನ್ನೂ ಸಾಹೇಬ ಮೂರು ಮೂರು ಸಲ ನಡೆಸಿದ, ಪ್ರತಿಯೊಬ್ಬಳಿಗೂ ಅವಳ ತಾಯಿಯನ್ನು ಹಿಡಿದು ಬೈದ, ಗೇಟಿನ ಈಚೆಗೆ ಓಡಿಸಿದ. ಹಾಡಿಲ್ಲದೆ ಬರುವ ಹೆಂಗಸರ ಉಸಿರು ಗರಗಸದ ಹಾಗೆ ಕೇಳಿಸುತ್ತಿತ್ತು.

ಒಂಟೆಯ ಸರದಿ ಬಂತು. ಅವಳು ಇಡೀ ರಾತ್ರಿ ಯೋಚನೆ ಮಾಡಿದ್ದಳೋ ಏನೋ, ಓಣಿಗೆ ಕಾಲಿಟ್ಟವಳೇ ಕಾಲನ್ನು ಅಗಲಿಸಿ, ಭುಜ ಬೀಸಿ, ಯಾವುದೋ ಕಾಲದ ಗಂಡುಬೀರಿಯ ಹಾಗೆ ನಾಲ್ಕು ಹೆಜ್ಜೆ ಹಾಕಿದಳು. ಐದನೆಯದಕ್ಕೆ ಮೂಟೆ ಎಡಕ್ಕೆ ಎಳೆಯಿತು. ಮೈ ಬಲಕ್ಕೆ ಹೋಯಿತು. ಹಣೆಪಟ್ಟಿ ಕಿವಿಗೆ ಜಾರಿತು. ಅವಳು ಬಿದ್ದದ್ದು ಒಂದು ಮಂಡಿಯ ಮೇಲೆ, ಆ ಮಂಡಿಯ ಮೇಲೆ ಮೂಟೆ. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು.

ಹೆಂಗಸರು ಓಣಿಯೊಳಗೆ ನುಗ್ಗಿದರು. "ಒಳಗೆ ಬರ್ಬೇಡಿ, ರೀಡಿಂಗ್ ಹಾಳಾಗುತ್ತೆ," ಎಂದು ಮೇಷ್ಟ್ರು ಎರಡೂ ಕೈ ಎತ್ತಿದ. ಬಾಯಿಬಡುಕಿ ಅವನನ್ನು ಮೂಟೆಯಿಂದಲೇ ಗೋಡೆಗೆ ಒತ್ತಿ ಮುಂದೆ ಹೋದಳು. ಒಂಟೆಯನ್ನು ಮೂಟೆಯಿಂದ ಬಿಡಿಸಿ, ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಮಂಡಿಯ ಚಿಪ್ಪು ಒಂದು ಪಕ್ಕಕ್ಕೆ ಸರಿದು, ಸೀರೆಯ ಮೇಲೆ ರಕ್ತ ಇಳಿಯುತ್ತಿತ್ತು. ಒಂಟೆ ಅಳಲಿಲ್ಲ. "ಗಂಡುಬೀರಿ ಅಂದಿದ್ದ, ಸರಿಯಾಗೇ ಅಂದಿದ್ದ ನಮ್ಮಪ್ಪ," ಅಂದಳು. ಇಬ್ಬರ ಹೆಗಲ ಮೇಲೆ ತೂಗುಬಿದ್ದು, ಒಂದು ಕಾಲನ್ನು ಎಳೆಯುತ್ತ, ಓಣಿಯ ಆಚೆ ತುದಿ ಮುಟ್ಟಿದಳು.

ಟಿಣ್ ಎಂದಿತು. ಓಣಿಯ ತುದಿಯಲ್ಲಿ ಹಸಿರು ದೀಪ ಹತ್ತಿತು. ಸ್ಕ್ರೀನಿನಲ್ಲಿ ಯಾರ ಮುಖವೂ ಬರಲಿಲ್ಲ. ಹೊಸ ನಡಿಗೆ, ದಾಖಲಾಯಿತು, ಎಂದು ಬರೆದುಕೊಂಡು ಬಂತು.

"ನೋಡಿದ್ರಾ," ಅಂದ ಸಾಹೇಬ. ಅವನ ದನಿಯಲ್ಲಿ ನಿಜವಾಗಿಯೂ ಸಂತೋಷವಿತ್ತು. "ಇದು ನಡಿಗೆ. ಮನಸ್ಸಿದ್ರೆ ಬರುತ್ತೆ."

ಒಂಟೆಯನ್ನು ಆಚೆ ತುದಿಯ ಬೆಂಚಿನ ಮೇಲೆ ಕೂರಿಸಿದರು. ಹೊತ್ತು ತಂದ ಇಬ್ಬರನ್ನೂ ಲೇಡಿ ಗಾರ್ಡ್ ಈಚೆಗೆ ಅಟ್ಟಿದಳು. ಅವರ ದೀಪ ಕೆಂಪೇ ಇತ್ತು. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

ಮೇಷ್ಟ್ರು ಅಂಗಿಯ ಧೂಳು ಕೊಡವಿಕೊಂಡು ದನಿಯಕ್ಕನ ಹತ್ತಿರ ಬಂದ. ಅವನ ಮುಖ ಬಿಳಿಚಿತ್ತು. ಆದರೂ ದನಿ ಮೆತ್ತಗೇ ಇತ್ತು. "ಅಮ್ಮ, ಬೀಳೋದೇನೂ ಬೇಡ. ಚಪ್ಪಲಿ ಒಳಗೆ ಒಂದೊಂದು ಕಲ್ಲು ಹಾಕ್ಕೊಳ್ಳಿ. ಒಬ್ಬರು ಹಿಮ್ಮಡಿಗೆ, ಒಬ್ಬರು ಬೆರಳ ಕೆಳಗೆ. ಚುಚ್ಚುತ್ತೆ, ನಡಿಗೆ ಬದಲಾಗುತ್ತೆ. ನಿಮಗೂ ನಿಮ್ಮ ತಂಗಿಗೂ ಬೇರೆ ಬೇರೆ ಜಾಗಕ್ಕೆ ಹಾಕಿದ್ರೆ ಈಗಲೇ ಕೆಲಸ ಆಗುತ್ತೆ. ಆಮೇಲೆ ದಿನಾ ಅದೇ ಜಾಗಕ್ಕೆ ಹಾಕ್ಕೊಂಡು ಬಂದ್ರೆ ಆಯ್ತು."

"ದಿನಾ," ಅಂದಳು ದನಿಯಕ್ಕ.

"ಅಭ್ಯಾಸ ಆಗುತ್ತೆ."

"ಬಸುರಿಗೂ?"

ಮೇಷ್ಟ್ರು ಸಾಹೇಬನ ಕಡೆ ನೋಡಿದ. ಸಾಹೇಬ ಅಂದ, "ಬಸುರಿ ಪಾಸು ಹೇಗೂ ಹೋಯ್ತಲ್ಲ. ಜೈಲಿಗೆ ಹೋಗೋದಷ್ಟೇ ತಪ್ಪುತ್ತೆ. ಕಾಲು ಕುಂಟಿದ್ರೆ ಹೊಟ್ಟೆಗೇನಾಗುತ್ತೆ? ಹೇಗೂ ನಿಲ್ಲದ ಬಸಿರಂತೆ, ಗಾರ್ಡ್ ಹೇಳಿದ್ಲು."

ಲೇಡಿ ಗಾರ್ಡ್ ಗೋಡೆಯ ಕಡೆ ಮುಖ ತಿರುಗಿಸಿದಳು. ಗಾಜಿನ ಹಿಂದೆ ತಂಗಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಪರದೆಯ ಹಿಂದೆ, ಅವಳೂ ಹೆಂಗಸೆಂದು ನಂಬಿ, ಮೂರು ಸಲ ಉದುರಿದ್ದನ್ನು ಗಾರ್ಡಿಗೆ ಹೇಳಿರಬೇಕು.

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಅರ್ಧ ಗಂಟೆ ಮೊದಲೇ ಬಂದಿತ್ತು. ಸಾಹೇಬ ಆ ಕಾಗದವನ್ನೂ ಮಸಿಯ ಡಬ್ಬಿಯನ್ನೂ ಹಿಡಿದು ಓಣಿಯ ಬಾಯಿಗೆ ಬಂದ. "ಕಲ್ಲೋ ಹೆಬ್ಬೆಟ್ಟೋ, ಬೇಗ ಹೇಳು. ಅವರು ಊಟಕ್ಕೆ ಹೋಗ್ಬೇಕು."

"ನಡೀತೀನಿ," ಅಂದಳು ದನಿಯಕ್ಕ.

"ಕಲ್ಲು ಹಾಕ್ಕೊಂಡಾ?"

ಅವಳು ಚಪ್ಪಲಿಯನ್ನೇ ಬಿಟ್ಟಳು. ಬರಿಗಾಲಿನಲ್ಲಿ ಓಣಿಯೊಳಗೆ ಹೋದಳು. ಹತ್ತಡಿ ಬಿಟ್ಟು ಬರಬೇಕಾಗಿದ್ದ ಬಾಯಿಬಡುಕಿ ಅವಳ ಬೆನ್ನಿಗೇ ಹೊರಟಳು. ಅವಳ ಬೆನ್ನಿಗೆ ಇನ್ನೊಬ್ಬಳು. ಸಾಹೇಬ "ಅಂತರ, ಅಂತರ" ಎಂದು ಕೂಗುತ್ತಿದ್ದ ಹಾಗೆಯೇ ಹತ್ತೊಂಬತ್ತು ಮೂಟೆಗಳು ಮೂವತ್ತು ಅಡಿಯ ಓಣಿಯಲ್ಲಿ ಕಾಳಿನ ಚೀಲ ತುಂಬಿದಂತೆ ತುಂಬಿಕೊಂಡವು.

ಗಾಜಿನ ಕೋಣೆಯ ಬಾಗಿಲಿನ ಎದುರು ಬಂದು ದನಿಯಕ್ಕ ನಿಂತಳು. ಹಣೆಪಟ್ಟಿಯನ್ನು ಎರಡೂ ಹೆಬ್ಬೆರಳಿನಿಂದ ಮೇಲಕ್ಕೆ ಜಾರಿಸಿದಳು. ಮೂಟೆ ಬಾಗಿಲಿಗೆ ಆತು ಧಪ್ಪೆಂದು ಕೂತಿತು. ಅವಳು ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಹಿಂದಿನವಳು ಒಂದು ಗಳಿಗೆ ನೋಡಿದಳು. ಅವಳೂ ಇಳಿಸಿದಳು. ಮೂಟೆಯ ಮೇಲೆ ಮೂಟೆ ಬಿದ್ದು ಬಾಗಿಲು ಎದೆಯವರೆಗೆ ಮುಚ್ಚಿತು. ಉಳಿದವು ಓಣಿಯ ಉದ್ದಕ್ಕೂ ಉರುಳಿದವು. ಗಡಿ ದಾಟಲು ಬಂದ ಬೇರೆ ಜನ ಹಿಂದೆ ನಿಂತು ಕತ್ತು ಉದ್ದ ಮಾಡಿದರು.

"ಏನೇ ಇದು? ಏಳ್ರೇ. ಏಳ್ರೇ ಬೇವರ್ಸಿಗಳಾ."

"ನಡೆದ್ರೆ ಕಳ್ಳಿಯರು ಅಂದ್ರಲ್ಲ," ಅಂದಳು ದನಿಯಕ್ಕ. ಸುಸ್ತಿಗೆ ಅವಳ ದನಿ ಇಳಿದಿತ್ತು. "ಇವತ್ತು ನಡೆಯಲ್ಲ. ಈಗ ಹೇಳಿ ಸಾಹೇಬ್ರೆ, ನಾವು ಯಾರು ಯಾರು ಅಂತ."

ಸಾಹೇಬ ಮೇಷ್ಟ್ರ ಕಡೆ ತಿರುಗಿದ. ಮೇಷ್ಟ್ರು ಸ್ಕ್ರೀನನ್ನು ಹತ್ತಿರ ಎಳೆದುಕೊಂಡು ಏನೇನೋ ಒತ್ತಿದ. ಚೌಕಗಳೆಲ್ಲ ಖಾಲಿಯಿದ್ದವು.

"ಕೂತವರನ್ನ ಗುರುತಿಸೋದು ಇದರಲ್ಲಿ ಇಲ್ಲ ಸರ್."

"ಆ ಬಸುರೀನ ಹೊರಗೆ ತನ್ನಿ ಮೊದಲು," ಎಂದು ಸಾಹೇಬ ವ್ಯಾನಿನವರಿಗೆ ಕೂಗಿದ. ವ್ಯಾನಿನಿಂದ ಇಳಿದ ಇಬ್ಬರು ಮೂಟೆಗಳ ಮೇಲೆ ಕಾಲಿಟ್ಟು ಬರಲು ನೋಡಿದರು. ಹಳೆ ಬಟ್ಟೆಯ ಮೂಟೆ ಬೂಟಿನ ಕೆಳಗೆ ಕುಸಿಯಿತು. ಒಬ್ಬ ಮಂಡಿಯವರೆಗೆ ಹೂತುಹೋದ. ಬಾಯಿಬಡುಕಿ ಅವನ ಪ್ಯಾಂಟಿನ ಅಂಚು ಹಿಡಿದು, "ನಿಧಾನ ಸ್ವಾಮಿ, ನಡಿಗೆ ಬದಲಾದೀತು," ಅಂದಳು. ಅವನು ಲಾಠಿಯಿಂದ ಅವಳ ಕೈಗೆ ಹೊಡೆದ. ಅವಳು ಬಿಡಲಿಲ್ಲ. ಎರಡನೇ ಸಲ ಹೊಡೆದ. ಮೂರನೇ ಸಲಕ್ಕೆ ಬೆರಳು ತಾವಾಗಿ ಬಿಟ್ಟವು. ಅವನು ಮಾತ್ರ ಮುಂದೆ ಬರದೆ ಹಿಂದಕ್ಕೆ ಜಿಗಿದ.

ಸಾಹೇಬ ಫೋನ್ ತೆಗೆದ. ದೊಡ್ಡ ದನಿಯಲ್ಲಿ, ಹೆಂಗಸರಿಗೆ ಕೇಳಲೆಂದೇ, ಮೂವತ್ತು ಜನ ಬೇಕು, ಲಾಠಿ ಸಮೇತ, ಬೇಗ ಅಂದ.

ತಂಗಿ ಗಾಜಿನ ಆಚೆ, ಅಕ್ಕನ ಬೆನ್ನ ಹಿಂದೆಯೇ, ನೆಲಕ್ಕೆ ಇಳಿದು ಕೂತಿದ್ದಳು. ಇಬ್ಬರ ನಡುವೆ ಬಾಗಿಲು, ಒಂದು ಮೂಟೆ. "ಅಕ್ಕ," ಎಂದು ತೂತಿನಿಂದ ಕೇಳಿಸಿತು. "ಮಿಸುಕಾಡ್ತಿದೆ ಅಕ್ಕ. ಈಗ. ಮೊದಲನೇ ಸಲ."

"ಸುಮ್ನೆ ಕೂತ್ಕೊ. ಹೆದರಿಸ್ಬೇಡ ಅದನ್ನ."

ಆಮೇಲೆ ದನಿಯಕ್ಕ ಮಡಚಿದ್ದ ಕಾಲುಗಳನ್ನು ಒಂದೊಂದಾಗಿ ಬಿಡಿಸಿದಳು. ಮೂವತ್ತು ವರ್ಷದ ಕೆಲಸದಲ್ಲಿ ಗೇಟಿನೊಳಗೆ ಅವಳು ಒಂದು ಸಲವೂ ಕೂತಿರಲಿಲ್ಲ. ಮಂಡಿ ಬಿಡಿಸುವುದಕ್ಕೇ ಹೊತ್ತು ಹಿಡಿಯಿತು. ಎರಡೂ ಕಾಲು ನೇರ ಮುಂದಕ್ಕೆ, ಎದುರು ಗೋಡೆಗೆ ಚಾಚಿದಳು. ಹಿಮ್ಮಡಿಯೆತ್ತರದ ಕರಿ ಕಣ್ಣಿಗೆ ಗೇಣಿನಷ್ಟು ದೂರದಲ್ಲಿ ಅವಳ ಅಂಗಾಲು ನಿಂತವು: ಬೇಸಿಗೆಯ ಕೆರೆಯಂತೆ ಬಿರಿದ, ಬಿರುಕಿನಲ್ಲಿ ಮಣ್ಣು ಕೂತು ಕಪ್ಪಾದ ಅಂಗಾಲು. ಸ್ಕ್ರೀನಿನ ಒಂದು ಚೌಕದಲ್ಲಿ ಅವು ದೊಡ್ಡದಾಗಿ ತುಂಬಿಕೊಂಡವು.

ಪಕ್ಕದವಳು ಚಾಚಿದಳು. ಅವಳ ಪಕ್ಕದವಳು. ಬಾಯಿಬಡುಕಿ ಊದಿದ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಾಚಿದಳು. ಆಚೆ ತುದಿಯ ಬೆಂಚಿನ ಮೇಲೆ ಒಂಟೆಯ ಕಾಲು ಮೊದಲೇ ಚಾಚಿತ್ತು. ಒಂದೊಂದೇ ಚೌಕ ಅಂಗಾಲಿನಿಂದ ತುಂಬುತ್ತ ಹೋಯಿತು.

"ಕಾಲು ಮಡಚ್ರೇ," ಎಂದು ಸಾಹೇಬ ಅರಚಿದ. "ಯಾರ ಮುಖಕ್ಕೆ ಕಾಲು ತೋರಿಸ್ತಿದ್ದೀರಿ ಗೊತ್ತಾ?"

ಗೇಟಿನ ಹೊರಗೆ ದೊಡ್ಡ ಲಾರಿಯೊಂದು ನಿಂತಿತು. ಹಿಂದಿನ ಬಾಗಿಲು ಬೀಳುವ ಸದ್ದು, ಆಮೇಲೆ ಬೂಟುಗಳ ಸದ್ದು. ಹತ್ತಿರ ಹತ್ತಿರ ಬಂತು. ಯಾರೂ ಕಾಲು ಮಡಚಲಿಲ್ಲ.